ರಾಜನ ತಲೆಗೆ ದಿನಕ್ಕೆ ಎರಡು ಸಾವಿರ ಪೆಟ್ಟು

ದಿನವಿಡೀ ರಾಜನ ತಲೆಯ ಮೇಲೆ ಸುತ್ತಿಗೆ ಬಡಿದೂ ತನ್ನ ತಲೆ ಉಳಿಸಿಕೊಂಡಿರುವ ಗಟ್ಟಿಗ ಲಿಂಕನ್ ಪಟ್ಟಣದಲ್ಲೊಬ್ಬನಿದ್ದಾನೆ. ಹೆಸರು ಬ್ರೂನ್‌ಸ್ಟಾನ್. ಕೋಳಿ ಕೂಗುವ ಹೊತ್ತಿಗೆ ಟಂಕಸಾಲೆಯಲ್ಲಿ ಹಾಜರು. ಕೊರಡಿಗೆ ನೆಟ್ಟ ಕೆಳಗಿನ ಅಚ್ಚಿನಲ್ಲಿ ರಾಜನ ಮುಖ, ಅದರ ಮೇಲೆ ಬೆಳ್ಳಿಬಿಲ್ಲೆ, ಬಿಲ್ಲೆಯ ಮೇಲೆ ಶಿಲುಬೆಯ ಅಚ್ಚು. ಠಣ್! ಒಂದು ಪೆನ್ನಿ ನಾಣ್ಯ ಹುಟ್ಟುತ್ತದೆ. ಸಂಜೆಯೊಳಗೆ ಎರಡು ಸಾವಿರ.

ಇಪ್ಪತ್ತು ವರ್ಷ, ಮೂವರು ರಾಜರು. ಈಗಿನವನು ಕಡಲು ದಾಟಿ ಬಂದು ನಾಡು ಗೆದ್ದವನು. "ರಾಜ ಬದಲಾದ್ರೂ ಮೂಗು ಅದೇ ಕಣಯ್ಯಾ. ನಮ್ಮ ವುಲ್ಫ್‌ಗೀಟ್‌ಗೆ ಕೊರೆಯೋಕೆ ಬರೋದು ಒಂದೇ ಮೂಗು!" ಎಂದು ಅಚ್ಚು ಕೊರೆಯುವವನನ್ನು ಛೇಡಿಸುತ್ತಾನೆ.

ಠಣತ್ಕಾರಕ್ಕೆ ಎಡಗಿವಿ ಹೋಗಿದೆ, ಹೆಬ್ಬೆರಳು ಚಪ್ಪಟೆಯಾಗಿದೆ. ನಾಣ್ಯದ ಒಂದು ಬದಿಗೆ ರಾಜನ ಹೆಸರು, ಇನ್ನೊಂದಕ್ಕೆ, ಶಿಲುಬೆಯ ಸುತ್ತ, ಟಂಕಸಾಲೆಯ ಯಜಮಾನ ಲಿಯೋಫಿಂಗನದು. ಹೊಡೆದವನ ಹೆಸರು ಎಲ್ಲೂ ಇಲ್ಲ. ನಾಣ್ಯ ಕೆಟ್ಟರೆ ಮಾತ್ರ ಯಜಮಾನನೆನ್ನದೆ ಆಳೆನ್ನದೆ ಬಲಗೈ ಕಡಿದು ಇದೇ ಬಾಗಿಲಿಗೆ ಮೊಳೆ ಹೊಡೆಯುತ್ತಾರೆ.

ಇಂದು ಹೊಸ ಶಿಲುಬೆಯಚ್ಚು ಬಂದಿದೆ. ವಾಡಿಕೆಯಂತೆ, ಅಚ್ಚು ಸರಿಯಿದೆಯೇ ನೋಡಲು, ಮೊದಲ ಪೆಟ್ಟು ಸೀಸದ ಬಿಲ್ಲೆಗೆ. ಬ್ರೂನ್‌ಸ್ಟಾನ್‌ಗೆ ಓದು ಬಾರದು. ಶಿಲುಬೆ ನೆಟ್ಟಗಿದೆ, ಸಾಕು. ವುಲ್ಫ್‌ಗೀಟ್ "ಅಂಚು ತೀಡಿಕೊಡ್ತೀನಿ" ಎಂದು ಸೀಸವನ್ನೂ ಅಚ್ಚನ್ನೂ ಒಳಗೊಯ್ದು, ಬಂದು ಅಚ್ಚು ಕೊಡುತ್ತಾನೆ. ಬೆಳ್ಳಿಯ ಕೆಲಸ ಶುರು.

ನಲವತ್ತು ಪೆನ್ನಿ ಆಗುವಷ್ಟರಲ್ಲಿ ಬಾಗಿಲಾಚೆ ರಾಜನ ಅಧಿಕಾರಿಯ ಮೂಗುಧ್ವನಿ, ಪರದೇಶಿ ರಾಗ: "ಯಾರ್ದು ಈ ಕೆಲ್ಸಾ? ನಾಣ್ಯದ್ ಮೇಲೆ ಯಜಮಾನಂದು ಹೆಸ್ರೇ ಇಲ್ಲಾ! ಕೊಡಲಿ ತನ್ನೀ!"

ಲಿಯೋಫಿಂಗ್ ಎದೆ ಹಿಡಿದುಕೊಳ್ಳುತ್ತಾನೆ. "ಸೀಸ ನೋಡಿದೋನು ನೀನಲ್ವೇನೋ?"

ಬ್ರೂನ್‌ಸ್ಟಾನ್ ಸುತ್ತಿಗೆ ಕೆಳಗಿಟ್ಟು ಬಲಗೈಯನ್ನು ಕೊರಡಿನ ಮೇಲೆ ಚಾಚಿ ಕಣ್ಣು ಮುಚ್ಚುತ್ತಾನೆ. "ನೋಡಿದೋನೂ ನಾನೇ, ಹೊಡೆದೋನೂ ನಾನೇ ಸ್ವಾಮಿ. ಯಜಮಾನ್ರನ್ನ ಬಿಟ್ಬಿಡಿ."

ಆ ಅಂಗೈಗೆ ಏನೋ ತಣ್ಣಗೆ ಬೀಳುತ್ತದೆ. ಕಣ್ಣು ಬಿಟ್ಟರೆ ಬೆಳಗಿನ ಸೀಸದ ಬಿಲ್ಲೆ. ಎದುರಿಗೆ ಅಧಿಕಾರಿಯಿಲ್ಲ, ಮೂಗು ಹಿಡಿದುಕೊಂಡ ವುಲ್ಫ್‌ಗೀಟ್!

"ಓದು ನೋಡಣ."

"ಓದು ಬಂದಿದ್ರೆ ಸುತ್ತಿಗೆ ಯಾಕ್ ಹಿಡೀತಿದ್ದೆ, ಕತ್ತೆ?"

ಯಜಮಾನ ಅವನ ಚಪ್ಪಟೆ ಬೆರಳು ಹಿಡಿದು ಅಕ್ಷರಗಳ ಮೇಲೆ ಆಡಿಸುತ್ತಾನೆ: "ಬ್ರೂ... ನ್... ಸ್ಟಾ... ನ್. ಬೆಳ್ಳಿ ಮೇಲೆ ಹಾಕಿದ್ರೆ ನನ್ನ ಕೈ ಹೋಗುತ್ತೆ ಕಣೋ. ಸೀಸಕ್ಕೆ ಕೇಳೋರಿಲ್ಲ. ಆ ಅಚ್ಚನ್ನ ಆಗಲೇ ಉಜ್ಜಿಹಾಕಿದೀವಿ, ನೀನು ಬೆಳ್ಳಿಗೆ ಹೊಡೆದಿದ್ದು ನನ್ನ ಹೆಸರಿನ ಬೇರೆ ಅಚ್ಚು. ನಿನ್ನ ಹೆಸರಿರೋದು ಇದೊಂದೇ."

ಬ್ರೂನ್‌ಸ್ಟಾನ್ ಬಿಲ್ಲೆಯನ್ನೂ ಕೈಯನ್ನೂ ತಿರುಗಿಸಿ ತಿರುಗಿಸಿ ನೋಡುತ್ತಾನೆ. "ಹಾಳಾದೋರೇ, ಜೀವಾನೇ ಬಾಯಿಗ್ ಬಂದಿತ್ತಲ್ರೋ!" ಎನ್ನುತ್ತ ನಗತೊಡಗುತ್ತಾನೆ. ಉಳಿದವರ ನಗು ನಿಂತರೂ ಅವನದು ನಿಲ್ಲದು. ಬೀದಿಯಲ್ಲಿ ಹೋಗುವವರು ಸುತ್ತಿಗೆ ಸದ್ದಿಗಿಂತ ದೊಡ್ಡ ಆ ನಗುವಿಗೆ ಬಾಗಿಲಲ್ಲಿ ಇಣುಕುತ್ತಾರೆ.