ಆಯೇರಿ ಮೈಕಿನಲ್ಲಿ ಅವ್ವನ ರೊಟ್ಟಿ ಅಂಗಡಿ

ಬಸವನ ಬಾಗೇವಾಡಿಯಲ್ಲಿ ಕೂತು ಜಗತ್ತಿಗೆಲ್ಲ ಖಡಕ್ ರೊಟ್ಟಿ ಮಾರಲೆಂದು ಅವ್ವನಿಗೆ ಆನ್‌ಲೈನ್ ಅಂಗಡಿ ತೆರೆದುಕೊಟ್ಟವಳು ನಾನೇ. ಮೊದಲ ತಿಂಗಳು ಅದಕ್ಕೆ ಇಬ್ಬರು ಬಂದರು: ನನ್ನ ಫೋನಿನಿಂದ ನಾನು, ಅಪ್ಪನ ಫೋನಿನಿಂದಲೂ ನಾನು.

ಅಪ್ಪ ಅವ್ವನಿಗೆ ಗಡುವು ಕೊಟ್ಟ. "ಈ ತಿಂಗಳದಾಗ ಒಬ್ಬ ಗಿರಾಕಿನೂ ಬರ್ಲಿಲ್ಲಂದ್ರ ಮತ್ತ ಖಾನಾವಳಿಗೆ ಹೋಗು."

ಅವ್ವನ ಮುಖ ಹಂಚಿನಂತೆ ಕಪ್ಪಾಯಿತು. ಆ ಖಾನಾವಳಿಯಲ್ಲಿ ಎರಡು ವರ್ಷ ರೊಟ್ಟಿ ಬಡಿದಿದ್ದಳು. ಮಾಲೀಕ ಒಂದೊಂದನ್ನೂ ಎಕ್ಸ್‌ರೇ ನೋಡುವ ಡಾಕ್ಟರನಂತೆ ಬೆಳಕಿಗೆ ಹಿಡಿದು, "ದಪ್ಪಾತು" ಎನ್ನುತ್ತಿದ್ದನಂತೆ.

ಜಾಹೀರಾತಿಗೆ ಕಾಸಿಲ್ಲ. ನನ್ನ ಬಳಿ ಇದ್ದದ್ದು ಬುದ್ಧಿಯೊಂದೇ, ಅದು ಮಾತ್ರ ಅಗತ್ಯಕ್ಕಿಂತ ಜಾಸ್ತಿ. ಬಳಗದ ಗ್ರೂಪುಗಳಿಗೆಲ್ಲ ಅಂಗಡಿಯ ಲಿಂಕ್ ಹಾಕಿದೆ. ಇಂಡಿ ಊರಿನ ದೊಡ್ಡಪ್ಪ ಒಬ್ಬನೇ ಉತ್ತರಿಸಿದ: ಗುಲಾಬಿ ಹೂವು, ಶುಭೋದಯ.

ಅಷ್ಟರಲ್ಲಿ ಮುದ್ದೇಬಿಹಾಳದಲ್ಲಿ ಸೋದರಮಾವನ ಮಗನ ಮದುವೆ ಬಂತು. ನಮ್ಮ ಕಡೆ ಆಯೇರಿ, ಅಂದರೆ ಉಡುಗೊರೆ, ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಊರಿಗೆಲ್ಲ ಕೇಳುವ ಮೈಕು, ಅದೂ ಪುಕ್ಕಟೆ! ಅವ್ವ ಕಟ್ಟಿದ ಒಂದು ಆಯೇರಿ ಗಂಟನ್ನು ಬಿಚ್ಚಿ ಐದು ಮಾಡಿದೆ: ಟವೆಲ್, ಟೋಪಿ, ಕುಬಸದ ಖಣ, ತೆಂಗಿನಕಾಯಿ, ಕರವಸ್ತ್ರ. ಒಂದೊಂದಕ್ಕೂ ಒಂದು ಚೀಟಿ.

"ಬಾಗೇವಾಡಿ ಅವ್ವನ ಖಡಕ್ ರೊಟ್ಟಿ, ಮೊಬೈಲ್‌ದಾಗ ನೋಡ್ರಿ, ಇವರಿಂದ ಒಂದು ಟೋಪಿ!" ಮೈಕಿನ ಕಾಕಾ ಗಂಟಲು ಹರಿಯುವಂತೆ ಕೂಗಿದ.

ಕರವಸ್ತ್ರಕ್ಕೆ ಬರುವಷ್ಟರಲ್ಲಿ ಮದುಮಗನೇ ಎದ್ದು ನನ್ನತ್ತ ತಿರುಗಿದ. "ಏ ಖೋಡಿ, ಮದುವಿ ನಂದೋ, ರೊಟ್ಟಿದೋ?"

ಪಂಕ್ತಿಯಲ್ಲಿ ಎಲ್ಲರ ಒಂದು ಕೈಯಲ್ಲಿ ತುತ್ತು, ಇನ್ನೊಂದರಲ್ಲಿ ಮೊಬೈಲು. ಸಂಜೆಯೊಳಗೆ ನಮ್ಮ ಅಂಗಡಿಗೆ ಲಕ್ಷ ಜನ ಬಂದರು. ಲಕ್ಷಕ್ಕೆ ತುಸು ಕಡಿಮೆ, ಮುನ್ನೂರು.

ಮರುದಿನದಿಂದ ಅವ್ವನಿಗೆ ಬಳಗದವರ ಫೋನುಗಳು. "ಯವ್ವಾ, ನಿನ್ನ ಅಂಗಡಿ ನೋಡಿದ್ನಿ, ಭಾಳ ಚಂದ ಐತಿ. ನಮ್ಮ ಕಡೆ ಬರೂ ಮುಂದ ಒಂದ ಕಟ್ಟು ರೊಟ್ಟಿ ಹಿಡ್ಕೊಂಡ ಬಾ." ಎಲ್ಲರದೂ ಇದೇ ಮಾತು. ಬಂಧುಬಳಗಕ್ಕೆ ರೇಟು ಹೇಳುವುದುಂಟೇ? ಅವ್ವ ಹೂಂ ಹೂಂ ಎನ್ನುತ್ತ ಹಿಟ್ಟಿನ ಡಬ್ಬಿಯ ತಳ ನೋಡಿದಳು.

ಅಪ್ಪ ಮೀಸೆಯೊಳಗೇ ನಕ್ಕ. "ಮಂದಿ ಬಂದ್ರು. ಗಿರಾಕಿ ಎಲ್ಲಿ?"

ತಿಂಗಳ ಕಡೆಯ ದಿನ ಒಂದು ಆರ್ಡರ್ ಬಂತು. ಸಿಂದಗಿಯಿಂದ, ನೂರು ರೊಟ್ಟಿ. ನಂಬಲಾಗದೆ ಅವ್ವ ಫೋನ್ ಮಾಡಿದರೆ, ಆ ಕಡೆ ಮೈಕಿನ ಕಾಕಾ!

"ಐದ ಸಲ ನಿಮ್ಮ ರೊಟ್ಟಿ ಹೆಸರ ಒದರಿ ಒದರಿ ಬಾಯಾಗ ನೀರ ಬಂತ್ರಿ ಅಕ್ಕಾರ. ನಾ ಕೆಳಗ ಇಳಿಯೂದ್ರಾಗ ಪಂಕ್ತಿನೂ ಮುಗದಿತ್ತು."

ಆ ಫೋನ್ ಇಡುವಷ್ಟರಲ್ಲಿ, ಮತ್ತೆ ಕೆಲಸಕ್ಕೆ ಬಾ ಎಂದು ಖಾನಾವಳಿ ಮಾಲೀಕನ ಫೋನೂ ಬಂತು. ಅವ್ವ ಸೆರಗು ಸಿಕ್ಕಿಸಿಕೊಂಡು, "ಈಗ ಪುರಸೊತ್ತಿಲ್ರಿ" ಎಂದು ಇಟ್ಟುಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು. ಹೊಗಳುತ್ತಾಳೆಂದು ಎದೆ ಉಬ್ಬಿಸಿ ನಿಂತೆ.

"ನಿಂತೇನ್ ನೋಡ್ತಿ? ನೂರ ರೊಟ್ಟಿ ನಾನೊಬ್ಬಾಕಿನ ಬಡೀಲೇನ?"