ಇನ್ನೊಂದು ಬೈರಕೂರಿನ ಹೆಡ್ಮಿಸ್ಸು

ಆಕಾಶದ ಮೇಲೆ ನನಗೆ ಎಂದೂ ಪೂರ್ತಿ ನಂಬಿಕೆ ಬಂದಿಲ್ಲ. ಮುಳಬಾಗಿಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟರು ಹೀಗೆನ್ನಬಾರದು, ನಿಜ. ಆದರೆ ಗುರುತ್ವಾಕರ್ಷಣೆಯ ಪಾಠವನ್ನು ವರ್ಷವರ್ಷವೂ ಮಾಡುವವನಿಗೇ ಗೊತ್ತು, ಮೇಲಿರುವುದೆಲ್ಲ ಕೆಳಗೆ ಬೀಳಲು ಎಷ್ಟು ಆತುರದಿಂದ ಕಾದಿದೆ ಎಂದು. ಅಮೆರಿಕದ ಅಂತರಿಕ್ಷ ನಿಲ್ದಾಣ ಸ್ಕೈಲ್ಯಾಬ್ ಬೀಳುತ್ತದೆಂಬ ಸುದ್ದಿ ಹಬ್ಬಿದಾಗ ನಮ್ಮ ಸುತ್ತಿನ ಹಳ್ಳಿಗಳಲ್ಲಿ ಜನ, ಹೇಗೂ ಸಾಯುತ್ತೇವಲ್ಲ ಎಂದು, ಸಾಕಿದ ಕೋಳಿಗಳನ್ನೆಲ್ಲ ಕೊಯ್ದು ಸಾರು ಮಾಡಿ ಉಂಡರು. ಅದು ಬಿದ್ದದ್ದು ಎಲ್ಲೋ ಸಮುದ್ರದಾಚೆ. ನಮ್ಮ ಕಡೆ ಅದರಿಂದ ಸತ್ತದ್ದು ಕೋಳಿಗಳು ಮಾತ್ರ. ನಾನೊಬ್ಬ ಆ ಸಾರನ್ನೂ ಮುಟ್ಟದೆ ಸೂರು ನೋಡುತ್ತ ಕೂತಿದ್ದೆ. ಚಿಂತೆ ಮಾಡುವವನಿಗೆ ಪ್ರಳಯದ ಮುಂಚಿನ ಹಬ್ಬದೂಟವೂ ದಕ್ಕುವುದಿಲ್ಲ.

ಆ ಹೆದರಿಕೆ ಇಳಿಸಿಕೊಳ್ಳಲೆಂದೇ ಕಾದಂಬರಿ ಬರೆಯಲು ಹಿಡಿದೆ. ಹರೆಯದ ಹುಡುಗರು ಓದಿ ನಗಬೇಕು, ನಕ್ಕ ಮೇಲೆ ಒಂದಿಷ್ಟು ವಿಜ್ಞಾನವೂ ಹೊಟ್ಟೆಯಲ್ಲಿ ಉಳಿಯಬೇಕು ಎನ್ನುವುದು ನನ್ನ ಆಸೆ. ಕಥಾನಾಯಕ ಬೈರಕೂರಿನ ಮುನಿಶಾಮಿ. ಅವನು ರಾಕೆಟ್ಟಿನಲ್ಲಿ ಅಂತರಿಕ್ಷಕ್ಕೆ ಹೋಗಿ ಸುರಕ್ಷಿತವಾಗಿ ವಾಪಸು ಇಳಿಯುತ್ತಾನೆ. ಇಳಿದದ್ದೂ ಬೈರಕೂರಿನಲ್ಲೇ, ಆದರೆ ಅದು ನಮ್ಮ ಬೈರಕೂರಲ್ಲ, ಪಕ್ಕದ ವಿಶ್ವದ್ದು. ಅಲ್ಲಿ ಬಸ್ಸುಗಳು ಸರಿಯಾದ ಹೊತ್ತಿಗೆ ಬರುತ್ತವೆ, ಆದ್ದರಿಂದ ಯಾರಿಗೂ ಸಿಗುವುದಿಲ್ಲ. ಅಲ್ಲಿಯ ಮಾವಿನ ಮರಗಳು ಹಣ್ಣು ಬಿಡುವ ಮುಂಚೆ ಮಾಲೀಕನನ್ನು ಒಂದು ಮಾತು ಕೇಳುತ್ತವೆ. ಅವನು ತೋಟಕ್ಕೆ ಹೋಗಿಯೇ ಇಲ್ಲವಾದ್ದರಿಂದ ಕಾದು ಕಾದು ಸುಮ್ಮನಾಗುತ್ತವೆ.

ಹಲವು ವಿಶ್ವಗಳ ಕಲ್ಪನೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಮ್ಮ ಬೀದಿಯ ದೇವಸ್ಥಾನದ ಅರ್ಚಕರು ದಿನಾ ಬೆಳಿಗ್ಗೆ ‘ಅನಂತಕೋಟಿ ಬ್ರಹ್ಮಾಂಡ’ ಎಂದು ಒಂದೇ ಉಸಿರಿಗೆ ಹೇಳಿ, ಅಷ್ಟನ್ನೂ ಅಲ್ಲೇ ಬಿಟ್ಟು ಕಾಫಿಗೆ ಹೋಗುತ್ತಾರೆ. ನಾನಾಗಿದ್ದರೆ ಅಷ್ಟು ಕೋಟಿಯಲ್ಲಿ ಯಾವುದು ಯಾವುದಕ್ಕೆ ಡಿಕ್ಕಿ ಹೊಡೆಯುತ್ತದೋ ಎಂದು ಕಾಫಿ ಬಿಡುತ್ತಿದ್ದೆ. ಅಲ್ಲದೆ ನಮ್ಮ ಸೀಮೆಯವರಿಗೆ ಎರಡು ಲೋಕಗಳಲ್ಲಿ ಓಡಾಡುವ ಅಭ್ಯಾಸ ಹುಟ್ಟಿನಿಂದಲೇ ಇದೆ. ನಮ್ಮ ಮನೆಗಳಲ್ಲಿ ಮಾತು ತೆಲುಗಿನಲ್ಲಿ ಮೇಲಕ್ಕೆ ಹಾರಿ ಕನ್ನಡದಲ್ಲಿ ಕೆಳಗಿಳಿಯುತ್ತದೆ.

ಕಾದಂಬರಿ ಕೇಳಲು ನನಗಿದ್ದ ಒಬ್ಬಳೇ ಶ್ರೋತೃ ನನ್ನಕ್ಕ. ಅವಳನ್ನು ದೇವರಾಯಸಮುದ್ರಕ್ಕೆ ಕೊಟ್ಟಿದೆ. ಭಾವನವರದು ಹಿಪ್ಪುನೇರಳೆ ತೋಟ, ಮನೆ ತುಂಬ ರೇಷ್ಮೆಹುಳು. ಅಂಥ ಮನೆಯಲ್ಲಿ ಸಾಹಿತ್ಯಕ್ಕೆ ಬಿಡುವು ಸಿಗುವುದು ಹುಳುಗಳಿಗೆ ಜ್ವರ ಬಂದಾಗ ಮಾತ್ರ. ಗಾಬರಿಯಾಗಬೇಡಿ, ಪೊರೆ ಬಿಡುವ ಮುಂಚೆ ಹುಳು ಸೊಪ್ಪು ತಿನ್ನುವುದು ನಿಲ್ಲಿಸಿ ತಲೆಯೆತ್ತಿ ಅಲ್ಲಾಡದೆ ಕೂರುತ್ತದಲ್ಲ, ಅದಕ್ಕೇ ಜ್ವರ ಎನ್ನುತ್ತಾರೆ. ಅದು ಏಳುವವರೆಗೆ ಸೊಪ್ಪು ಹಾಕುವ ಹಾಗಿಲ್ಲ. ಹುಳು ಜ್ವರಕ್ಕೆ ಕೂತಿತೆಂದು ತಿಳಿದರೆ ನಾನು ಹಾಳೆಗಳನ್ನು ಚೀಲಕ್ಕೆ ತುರುಕಿಕೊಂಡು ಬಸ್ಸು ಹತ್ತುತ್ತಿದ್ದೆ. ಎದ್ದವೋ, ನನ್ನ ಅಧ್ಯಾಯ ಅರ್ಧಕ್ಕೇ ಮುಗಿಯಿತು.

ಅಕ್ಕನ ವಿಮರ್ಶೆ ಮೊದಲ ದಿನದಿಂದಲೂ ಕಟುವಾದದ್ದು. ನನ್ನ ಮುನಿಶಾಮಿಯ ರಾಕೆಟ್ಟು ಇಳಿದದ್ದು ಒಬ್ಬರ ಹುಳುಮನೆಯ ಅಂಗಳದಲ್ಲಿ; ಅವನು ಹೆಲ್ಮೆಟ್ಟಿನ ಸಮೇತ ಒಳಗೆ ನುಗ್ಗಿದ.

"ಏಮ್ರಾ, ಕಾಲು ತೊಳೀದೆ ಹುಳುಮನೆ ಒಳಕ್ಕೆ ಬಂದ್ನಾ?" ಅಂದಳು ಅಕ್ಕ.

"ಅವನು ಚಂದ್ರನ ಹತ್ತಿರದಿಂದ ಬಂದವನಕ್ಕಾ."

"ಇನ್ನೂ ಚೆನ್ನಾಯ್ತು. ಅಲ್ಲಿನ ಧೂಳು ಯಾವ ರೋಗದ್ದೋ ಏನೋ! ಹೊರಗೆ ನಿಲ್ಸಿ ಮೊದ್ಲು ಕಾಲು ತೊಳ್ಸು."

ಕಾದಂಬರಿಯಲ್ಲಿ ಇವತ್ತಿಗೂ ಅಂತರಿಕ್ಷಯಾನಿ ಬಾಗಿಲಲ್ಲಿ ಒಂಟಿಗಾಲಲ್ಲಿ ನಿಂತು ಬೂಟು ಬಿಚ್ಚುತ್ತಾನೆ. ಆಮೇಲೆ ಹಸ್ತಪ್ರತಿ ಓದಿದವರೆಲ್ಲ ನಗುವುದು ಅಲ್ಲಿಯೇ. ಉಳಿದ ಕಡೆ, ನಾನು ನಗಿಸಲು ಯತ್ನಿಸಿದ ಕಡೆ, ನಗುವುದಿಲ್ಲ.

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ನಾನು ತೀರ ಕೂಸಾಗಿದ್ದಾಗಲೇ ಅಮ್ಮ ತೀರಿಕೊಂಡಳು. ಅಕ್ಕ ಆಗ ಏಳನೇ ಕ್ಲಾಸು. ಓದಿನಲ್ಲಿ ಊರಿಗೆಲ್ಲ ಮುಂದು. ಅಮ್ಮ ಹೋದ ಮೇಲೆ ಅವಳು ಸ್ಕೂಲಿನ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ನಾನಿದ್ದೆನಲ್ಲ. ಯಾರೂ ಅವಳಿಗೆ ಬಿಡು ಎಂದು ಹೇಳಿದ ಹಾಗೆ ಕಾಣೆ, ಹೋಗು ಎಂದೂ ಹೇಳಲಿಲ್ಲ. ನಮ್ಮಲ್ಲಿ ಎಷ್ಟೋ ತೀರ್ಮಾನಗಳು ಹೀಗೆ, ಯಾರೂ ಮಾಡದೆಯೇ ಆಗಿಬಿಡುತ್ತವೆ.

ಹಾಗಾಗಿ ಮುನಿಶಾಮಿ ಆ ಇನ್ನೊಂದು ಬೈರಕೂರಿನ ಹೈಸ್ಕೂಲಿಗೆ ಹೋದಾಗ ಅಲ್ಲಿ ಹೆಡ್ಮಿಸ್ಸಾಗಿ ಕೂತಿದ್ದವಳು ಅವನ ಸ್ವಂತ ಅಕ್ಕ! ಸಣ್ಣ ಅಂಚಿನ ಸೀರೆ, ಕನ್ನಡಕ, ಎದುರಿಗೆ ಬೆವರುತ್ತ ನಿಂತ ಸ್ಕೂಲ್ ಇನ್ಸ್‌ಪೆಕ್ಟರು. ಓದುತ್ತ ನನಗೇ ನನ್ನ ಮೇಲೆ ಮೆಚ್ಚುಗೆ ಉಕ್ಕಿತು. ಬಾಗಿಲಲ್ಲಿ ಕೂತಿದ್ದ ಭಾವ ಮಾತ್ರ ಬೀಡಿ ಆರಿಸಿ ಗಂಭೀರರಾದರು.

"ಇವ್ಳು ಅಲ್ಲಿ ಹೆಡ್ಮಿಸ್ಸಾದ್ರೆ ನನ್ನ ಗತಿ ಏನಪ್ಪಾ ಮೇಷ್ಟ್ರೇ?"

"ನಿಮಗೇನು," ಅಂದಳು ಅಕ್ಕ, "ಅಲ್ಲೂ ಯಾವಳೋ ಒಬ್ಬಳು ನಿಮ್ಮ ಹುಳಕ್ಕೆ ಸೊಪ್ಪು ಹಾಕ್ತಿರ್ತಾಳೆ." ಆಮೇಲೆ ನನ್ನ ಕಡೆ ತಿರುಗಿದಳು. "ಅದು ಸರಿ ಕಣೋ. ಅವ್ಳು ಓದೋಕೆ ಹೋದ್ರೆ ಅಲ್ಲಿ ನಿನ್ನನ್ನ ಯಾರು ಸಾಕಿದ್ರು?"

ಉಸಿರಾಟಕ್ಕೆ ಎಷ್ಟು ಆಮ್ಲಜನಕ ಬೇಕು, ರಾಕೆಟ್ಟು ಎಷ್ಟು ಬಿಸಿಯಾಗುತ್ತದೆ, ಎಲ್ಲವನ್ನೂ ಯೋಚಿಸಿದ್ದೆ. ಇದೊಂದನ್ನು ಯೋಚಿಸಿರಲಿಲ್ಲ. ಮುಳಬಾಗಿಲಿಗೆ ಬಂದು, ಮುಂದಿನ ಜ್ವರದವರೆಗೆ ಅದೇ ಚಿಂತೆ. ಅತ್ತೆಯೊಬ್ಬಳನ್ನು ತರಿಸಿದೆ, ನಮ್ಮ ನಿಜವಾದ ಅತ್ತೆಯ ಸ್ವಭಾವ ನೆನಪಾಗಿ ಅಳಿಸಿಹಾಕಿದೆ. ಕೊನೆಗೆ ಹೊಳೆದ ಉತ್ತರ ಎಷ್ಟು ಸುಲಭದ್ದೆಂದರೆ ನಾಚಿಕೆಯಾಯಿತು. ಆ ಲೋಕದಲ್ಲಿ ಅಮ್ಮ ಸತ್ತೇ ಇಲ್ಲ. ಲೇಖನಿಗೆ ಏನು ಕಷ್ಟ!

ಹಾಗೆಂದು ಹೇಳಿದಾಗ ಅಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು ಹತ್ತಿರ ಬಂದು ಕೂತಳು.

"ಅಮ್ಮ ಏನ್ ಮಾತಾಡ್ತಾಳೆ? ಓದು."

ಓದಿದೆ. ಮುನಿಶಾಮಿ ಮನೆಗೆ ಬರುತ್ತಾನೆ. ತಾಯಿ ಒಲೆಯ ಮುಂದಿನಿಂದಲೇ ಗದರುತ್ತಾಳೆ: "ಬಂದ್ಯಾ? ಆಕಾಶಕ್ಕೆ ಹೋದೋನು ಒಂದ್ ಸ್ವೆಟರ್ ಹಾಕ್ಕೊಂಡು ಹೋಗೋಕಾಗ್ಲಿಲ್ವಾ? ಮುಖ ನೋಡು, ಒಣಗಿದ ಹುರಳಿಕಾಯಿ! ಕೂತ್ಕೊ, ಮುದ್ದೆ ಆರ್ತಾ ಇದೆ."

ಭಾವ ನಕ್ಕರು. ಅಕ್ಕ ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಮೆಲ್ಲಗೆ ಅಂದಳು: "ಅಮ್ಮ ಹಿಂಗೆ ಬೈತಿರ್ಲಿಲ್ಲ ಕಣೋ. ಇದು ನಾನು."

ಹಾಳೆ ನೋಡಿದೆ. ನಿಜವೇ. ಅಮ್ಮನ ದನಿ ನನಗೆ ನೆನಪಿಲ್ಲ. ಜಗತ್ತಿನಲ್ಲಿ ತಾಯಂದಿರು ಹೇಗೆ ಮಾತಾಡುತ್ತಾರೆ ಎಂದು ನನಗೆ ಗೊತ್ತಿರುವುದು ಒಂದೇ ಬಗೆ. ಜ್ಯೋತಿರ್ವರ್ಷಗಳ ಆಚೆ ಹೋಗಿ, ಇಡೀ ವಿಶ್ವವನ್ನೇ ಹೊಸದಾಗಿ ಕಟ್ಟಿ, ಅಕ್ಕನನ್ನು ಕುರ್ಚಿಯ ಮೇಲೆ ಕೂರಿಸಿದೆನೆಂದು ಬೀಗಿದ್ದೆ. ನೋಡಿದರೆ ಆ ಒಲೆಯ ಮುಂದೆಯೂ ಅವಳನ್ನೇ ಕೂರಿಸಿದ್ದೆ.

"ಅಮ್ಮ ಹೇಗೆ ಮಾತಾಡ್ತಿದ್ದಳು, ಹೇಳಕ್ಕಾ. ಹಾಗೇ ಬರೀತೀನಿ."

ಅವಳು ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಚ್ಚಿದಳು. ಅವಳಿಗೂ ಆ ದನಿ ಜಾರಿಹೋಗಿತ್ತೋ, ಇಲ್ಲ ತನಗೊಬ್ಬಳಿಗೇ ಎಂದು ಇಟ್ಟುಕೊಂಡಿದ್ದಳೋ, ನಾನು ಕೇಳಲಿಲ್ಲ. ಒಳಗೆ ತಟ್ಟೆಗಳಲ್ಲಿ ಹುಳು ಎದ್ದಿದ್ದವು, ಅಕ್ಕನೂ ಎದ್ದಳು. ಸೊಪ್ಪಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬಾಗಿಲಲ್ಲಿ ನಿಂತು ಹೇಳಿದಳು:

"ಪೋನೀಲೇರಾ, ಹೋಗ್ಲಿ ಬಿಡು. ಅಮ್ಮ ಮಾತು ಕಮ್ಮಿ ಅಂತ ಬರ್ಕೊ. ಆದ್ರೆ ಆ ಹೆಡ್ಮಿಸ್ಸನ್ನ ಮಾತ್ರ ತೆಗೀಬೇಡ."

ತೆಗೆದಿಲ್ಲ. ಕಾದಂಬರಿಯನ್ನು ಇನ್ನೂ ತಿದ್ದುತ್ತಲೇ ಇದ್ದೇನೆ. ಅಚ್ಚು ಹಾಕುವವರು ಇದು ತೀರ ಉದ್ದ ಎಂದದ್ದಕ್ಕೆ ಎರಡು ಗ್ರಹಗಳನ್ನೂ ಒಂದು ಯುದ್ಧವನ್ನೂ ಕಿತ್ತುಹಾಕಿದೆ. ಹೆಡ್ಮಿಸ್ಸಿಗೆ ಮಾತ್ರ ಪ್ರತಿಸಲ ಏನಾದರೊಂದು ಸೇರುತ್ತದೆ. ಒಮ್ಮೆ ಕೈಗಡಿಯಾರ, ಒಮ್ಮೆ ಒಳ್ಳೆಯ ಛತ್ರಿ. ಈ ಲೋಕದಲ್ಲಿ ಅಕ್ಕನಿಗೆ ಏನನ್ನೂ ಕೊಡಲಾರದೆ ಅಲ್ಲಿಗೆ ಸಾಗಿಸುತ್ತಿದ್ದೇನೆಂದು ನನಗೂ ಗೊತ್ತು. ಮೊನ್ನೆ ಹೋದಾಗ, ಹೆಡ್ಮಿಸ್ಸಿಗೆ ಬಡ್ತಿ ಸಿಕ್ಕಿ ಕೋಲಾರದ ದೊಡ್ಡ ಆಫೀಸಿಗೆ ವರ್ಗವಾದ ಭಾಗವನ್ನು ಓದಿದೆ. ಅಕ್ಕ ಹುಳುಗಳ ಮೇಲಿಂದ ಕಣ್ಣೆತ್ತಲಿಲ್ಲ.

"ಯಾವತ್ತೋ ಕೊಡ್ಬೇಕಾಗಿತ್ತು," ಅಂದಳು.