ಮನೆಯಲ್ಲಿ ಬಿಡಲಿಲ್ಲವಂತೆ

ನನ್ನ ಆಲ್ಬಂ ಸಿ.ಡಿ.ಯಾಗಿ ಬರದೆ ದೊಡ್ಡ ಎಲ್‌ಪಿ ಪ್ಲೇಟಾಗಿ ಬಂದದ್ದಕ್ಕೆ ಕಾರಣ ಸಂಗೀತವಲ್ಲ, ಸೇಡು. ನಾನೀಗಿರುವ ಡಚ್ಚರ ದೇಶದಲ್ಲಿ, ರೈಸ್‌ವೈಕ್ ಎಂಬ ಊರಿನ ಪ್ರಾಕ್ಟೀಸ್ ರೂಮಿನಲ್ಲಿ ನನಗೆ ಡ್ರಮ್ಸ್ ಬಾರಿಸುವ ಡಚ್ಚರವನೊಬ್ಬನಿದ್ದಾನೆ, ನಿವೃತ್ತ ಟ್ರಾಂ ಚಾಲಕ. ಐವತ್ತೆರಡನೆಯ ವಯಸ್ಸಿನಲ್ಲಿ ಮತ್ತೆ ರಾಕ್ ಹಾಡಲು ಹೊರಟವಳಿಗೆ ಹಳೆಯ ಪ್ಲೇಟುಗಳ ಮೇಲೆ ಪ್ರೀತಿ ಇರಬೇಕು ಎಂದು ಅವನು ತಿಳಿದುಕೊಂಡ. ಪ್ರೀತಿಯೂ ಇಲ್ಲ, ಮಣ್ಣೂ ಇಲ್ಲ. ಸಿ.ಡಿ. ಚಿಕ್ಕದು, ಬಿಡುಗಡೆಯ ಸಭೆಯಲ್ಲಿ ಹಿಂದಿನ ಸಾಲಿನವರಿಗೆ ಅದರ ಕವರ್ ಕಾಣುವುದಿಲ್ಲ. ಕಾಣಬೇಕು ಎಂಬುದೇ ನನ್ನ ಹಟವಾಗಿತ್ತು.

ಇಪ್ಪತ್ತೆಂಟು ವರ್ಷದ ಹಿಂದೆ ಬೆಂಗಳೂರಿನಲ್ಲಿ ನಮ್ಮದೊಂದು ಬ್ಯಾಂಡ್ ಇತ್ತು. ನಾನು ಹಾಡುತ್ತಿದ್ದೆ. ಗಿಟಾರ್ ನುಡಿಸುತ್ತಿದ್ದವನು ಬ್ಯಾಂಡಿಗೆ ಯಜಮಾನನಂತಿದ್ದ. ಮೊದಲ ಕ್ಯಾಸೆಟ್ಟಿನ ರೆಕಾರ್ಡಿಂಗ್ ಮುಗಿದ ಮೇಲೆ ನನ್ನ ದನಿಯನ್ನೆಲ್ಲ ಅಳಿಸಿ ಅವನೇ ಹಾಡಿದ. “ನಿನ್ನ ವಾಯ್ಸ್ ತುಂಬಾ ಒರಟು ಕಣೇ, ಸೇಲ್ ಆಗಲ್ಲ” ಎಂದ. ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ನಾನೆಲ್ಲಿ ಎಂದು ಕೇಳಿದವರಿಗೆಲ್ಲ ಬೇರೆಯೇ ಕತೆ ಹೇಳಿದ: “ಪಾಪ, ಅವಳ ಮನೇಲಿ ಬಿಡ್ಲಿಲ್ವಂತೆ. ಗೊತ್ತಲ್ಲ, ಅವರಲ್ಲಿ ತುಂಬಾ ಸ್ಟ್ರಿಕ್ಟು.” ಮುಸ್ಲಿಂ ಹುಡುಗಿ, ರಾಕ್ ಬ್ಯಾಂಡು. ಯಾರೂ ಎರಡನೆಯ ಪ್ರಶ್ನೆ ಕೇಳಲಿಲ್ಲ.

ಬಿಡದವರು ಯಾರಂತೆ? ನಮ್ಮ ಅಬ್ಬಾ! ಶಿವಾಜಿನಗರದಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ, ಐದು ಹೊತ್ತಿನ ನಮಾಜು ತಪ್ಪಿಸದ ಅಬ್ಬಾ, ಪ್ರತಿ ಶನಿವಾರ ನನ್ನನ್ನೂ ನನ್ನ ಪುಟ್ಟ ಆಂಪ್ಲಿಫೈಯರನ್ನೂ ಸ್ಕೂಟರಿನಲ್ಲಿ ಹೇರಿಕೊಂಡು ಪ್ರಾಕ್ಟೀಸಿಗೆ ಬಿಡುತ್ತಿದ್ದರು. ವಾಪಸು ಕರೆದೊಯ್ಯಲು ಬರುವಾಗ ಫ್ಲಾಸ್ಕಿನಲ್ಲಿ ಚಹಾ ತಂದು ಎಲ್ಲರಿಗೂ ಬಗ್ಗಿಸಿ ಕೊಡುತ್ತಿದ್ದರು, ಆ ಗಿಟಾರಿನವನಿಗೆ ಮಾತ್ರ ಎರಡು ಲೋಟ. ಅವರ ಚಹಾ ಕುಡಿದವನು ಅವರ ಮೇಲೇ ಗೂಬೆ ಕೂರಿಸಿದ. ನಮ್ಮ ಕಾಲೇಜಿನ ಮೇಡಂ ಒಬ್ಬರು ಅಂಗಡಿಗೇ ಬಂದು ಹೆಣ್ಣುಮಕ್ಕಳ ಸ್ವಾತಂತ್ರ್ಯದ ಬಗ್ಗೆ ಅರ್ಧ ಗಂಟೆ ಪಾಠ ಹೇಳಿಹೋದರು. ಅಬ್ಬಾ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆಯದೆ ಕೇಳಿಸಿಕೊಂಡರಂತೆ. ಮನೆಗೆ ಬಂದು ನನ್ನನ್ನು ಕೇಳಿದರು, “ಮೈ ಕಬ್ ನಕ್ಕೋ ಬೋಲ್ಯಾ ಬೇಟಾ?” ನಾನು ಯಾವಾಗ ಬೇಡ ಅಂದೆ, ಎಂದು. ಮಗಳ ದನಿ ಕಟ್ಟಿಹಾಕಿದ ಅಪ್ಪ ಎಂಬ ಹೆಸರು ಹೊತ್ತುಕೊಂಡೇ ಅವರು ಹೋದರು.

ಆಮೇಲೆ ಹಾಡು ಬಿಟ್ಟೆ. ಕೆಲಸ, ಮದುವೆ, ಮಗಳು ಎಂದು ದಿನ ಕಳೆದು, ಕೊನೆಗೆ ಆಮರ್ಸ್‌ಫೋರ್ಟಿಗೆ ಬಂದು ನೆಲೆಸಿದೆ. ಇಲ್ಲಿನ ಕನ್ನಡ ಸಂಘದ ಯುಗಾದಿ ಊಟದಲ್ಲಿ, ಪುಳಿಯೋಗರೆಯ ಸಾಲಿನಲ್ಲಿ ನನ್ನ ಮುಂದೆ ನಿಂತವನು ಆ ಗಿಟಾರಿನವನೇ! ಬೈಟನ್‌ವೆಲ್ಡರ್ಟ್ ಎಂಬ ಸ್ಥಿತಿವಂತರ ಬಡಾವಣೆಯಲ್ಲಿ ಮನೆ, ದೊಡ್ಡ ಮ್ಯಾನೇಜರು, ಸಂಘಕ್ಕೆ ಬೇಕಾದ ಗಣ್ಯ. ಗುರುತು ಹಿಡಿದು ಖುಷಿಯಿಂದ ಹೆಂಡತಿಗೆ ಪರಿಚಯಿಸಿದ. “ಎಂಥಾ ಸಿಂಗರ್ ಗೊತ್ತಾ ಇವಳು! ಪಾಪ, ಮನೇಲಿ ಬಿಡ್ಲಿಲ್ಲ.” ನನ್ನ ಮುಖದ ಮೇಲೇ ಹೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು. ತಟ್ಟೆ ಅಲ್ಲೇ ಇಟ್ಟು ಹೊರಟವಳು ರೈಲು ಊರು ಮುಟ್ಟುವಷ್ಟರಲ್ಲಿ ಆಲ್ಬಂ ಮಾಡುವುದೆಂದು ತೀರ್ಮಾನಿಸಿದ್ದೆ.

ಎರಡು ವರ್ಷ ಹಿಡಿಯಿತು. ದನಿ ಮೊದಲಿಗಿಂತ ಒರಟಾಗಿತ್ತು, ಅದು ನನಗೆ ಇಷ್ಟವಾಯಿತು. ಬಿಡುಗಡೆಯನ್ನು ಸಂಘವೇ ಮಾಡುತ್ತೇವೆ ಎಂದಿತು. ಮುಖ್ಯ ಅತಿಥಿಯಾಗಿ ಅವನೇ ಬರಲಿ ಎಂದೆ. ಹಾಡು ಕಳಿಸಲೇ ಎಂದು ಕಾರ್ಯದರ್ಶಿ ಅವನನ್ನು ಕೇಳಿದ್ದಕ್ಕೆ, “ಬೇಡ ಬಿಡಿ, ನಂಗೆ ಗೊತ್ತಿರೋಳೇ” ಅಂದನಂತೆ. ನಮ್ಮ ಮುಖ್ಯ ಅತಿಥಿಗಳು ಪುಸ್ತಕ ಓದದೆ ಹೊಗಳುತ್ತಾರೆ, ಹಾಡು ಕೇಳದೆ ತಲೆದೂಗುತ್ತಾರೆ. ಆ ಸಂಪ್ರದಾಯವನ್ನೇ ನಾನು ನಂಬಿಕೊಂಡಿದ್ದೆ. ಸಾಮಾನ್ಯವಾಗಿ ಬಿಡುಗಡೆ ಮೊದಲು, ಭಾಷಣ ಆಮೇಲೆ. ನಾನು ಸಂಘದವರನ್ನು ಕಾಡಿಬೇಡಿ ಅದನ್ನು ತಿರುಗಿಸಿದೆ, ಆಲ್ಬಮ್ಮಿನ ಹೆಸರನ್ನು ಅವರಿಗೂ ಹೇಳದೆ ಗುಟ್ಟಾಗಿಟ್ಟೆ. ಮಗಳು ಕವರ್ ವಿನ್ಯಾಸ ಮಾಡಿ ಮುಗಿಸಿ, “ಮಮ್ಮಿ, ದಿಸ್ ಈಸ್ ಸೋ ಮೀನ್” ಎಂದಳು. ಹೌದು ಎಂದೆ.

ಭಾನುವಾರ ಮಧ್ಯಾಹ್ನ, ಬೈಟನ್‌ವೆಲ್ಡರ್ಟ್‌ನ ಒಂದು ಶಾಲೆಯ ಹಾಲ್ ತುಂಬಿತ್ತು. ಶಾಲು ಹೊದಿಸಿಕೊಂಡು, ಮೈಸೂರು ಪೇಟ ಇಟ್ಟುಕೊಂಡು ಅವನು ಮೈಕ್ ಮುಂದೆ ನಿಂತ. “ಆ ಕಾಲದಲ್ಲಿ ಇವರ ತಂದೆಯವರು ಬಿಡ್ಲಿಲ್ಲ. ಅಂಥಾ ಮನೆಯಿಂದ ಬಂದು ಇವತ್ತು...” ಎಂದು ಕಣ್ಣಂಚು ಒದ್ದೆ ಮಾಡಿಕೊಂಡ. ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ನಾನು ತಟ್ಟಿದೆ.

ಆಮೇಲೆ ಬಣ್ಣದ ಕಾಗದ ಸುತ್ತಿದ ಪೊಟ್ಟಣ ತಟ್ಟೆಯಲ್ಲಿ ಬಂತು. ಅವನು ರಿಬ್ಬನ್ ಎಳೆದು, ಕಾಗದ ಬಿಚ್ಚಿ, ಎಂದಿನಂತೆ ಕವರನ್ನು ಸಭೆಯ ಕಡೆ ತಿರುಗಿಸಿ ಎದೆಯ ಮಟ್ಟಕ್ಕೆ ಹಿಡಿದ. ಅದರಲ್ಲಿ ಏನಿದೆ ಎಂದು ಅವನಿಗಿಂತ ಮೊದಲು ಸಭೆಗೆ ಗೊತ್ತಾಯಿತು. ಹಳೆಯ ಫೋಟೊ: ಸ್ಕೂಟರಿನ ಪಕ್ಕ ಫ್ಲಾಸ್ಕ್ ಹಿಡಿದ ಅಬ್ಬಾ, ಆಂಪ್ಲಿಫೈಯರ್ ಮೇಲೆ ಕೂತ ನಾನು, ಲೋಟ ಎತ್ತಿಕೊಂಡು ನಗುತ್ತಿರುವ ಅವನು. ಮೇಲೆ ದಪ್ಪಕ್ಷರದಲ್ಲಿ ಆಲ್ಬಮ್ಮಿನ ಹೆಸರು: ‘ನಮ್ಮ ಅಬ್ಬಾ ಬಿಟ್ಟಿದ್ದರು’. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವನು ಬಗ್ಗಿ ನೋಡಿದ. ಕೆಳಗಿಳಿಸಲು ಹೋದರೆ ಫೋಟೊ ತೆಗೆಯುವವನು ಬಿಡಬೇಕಲ್ಲ. “ಸರ್, ಇನ್ನೂ ಸ್ವಲ್ಪ ಮೇಲೆ. ಸ್ಮೈಲ್, ಸರ್.” ಅವನು ಮೇಲೆತ್ತಿದ. ನಕ್ಕ. ಆ ಕ್ಷಣ ನನಗೆ ಹಬ್ಬದೂಟ ಉಂಡಷ್ಟು ತೃಪ್ತಿಯಾಯಿತು, ಸುಳ್ಳೇಕೆ ಹೇಳಲಿ.

ನಗು ಹಾಗೇ ಇಟ್ಟುಕೊಂಡು ಅವನು ಮೆಲ್ಲಗೆ ಕೇಳಿದ, “ಸುಳ್ಳು ನಂದೇ, ಒಪ್ಕೋತೀನಿ. ಆದ್ರೆ ನೀನು ಒಂದ್ ಸಲಾನೂ ಯಾಕೆ ಅಲ್ಲ ಅನ್ಲಿಲ್ಲ?”

ಆ ಪ್ರಶ್ನೆಗೆ ನಾನು ತಯಾರಿರಲಿಲ್ಲ. ಉತ್ತರ ಮಾತ್ರ ಗೊತ್ತಿತ್ತು. ದನಿ ಚೆನ್ನಾಗಿಲ್ಲವೆಂದು ಕಿತ್ತುಹಾಕಿದರು ಎನ್ನುವುದಕ್ಕಿಂತ ಮನೆಯಲ್ಲಿ ಬಿಡಲಿಲ್ಲ ಎನ್ನುವುದು ನನಗೂ ಮರ್ಯಾದೆಯ ಮಾತಾಗಿತ್ತು. ಹತ್ತು ಜನ ಪಾಪ ಎಂದರು, ನಾನು ತಲೆ ತಗ್ಗಿಸಿ ಆ ಪಾಪವನ್ನು ಅನುಭವಿಸಿದೆ. ಅಬ್ಬಾ ಕೇಳಿದ ದಿನವೂ ಎದ್ದು ಒಳಗೆ ಹೋಗಿದ್ದೆ.

ಮೈಕ್ ಕೈಗೆ ತೆಗೆದುಕೊಂಡೆ. “ಇವರು ಸುಳ್ಳು ಹೇಳಿದ್ರು. ನನಗೆ ನಾಚಿಕೆ ಆಗ್ತಿತ್ತು, ಅದಕ್ಕೆ ಆ ಮಾತು ನಮ್ಮ ಅಬ್ಬಾ ಮೇಲೆ ಬರೋಕೆ ಬಿಟ್ಟೆ. ನಾನು ಬಾಯಿ ಬಿಟ್ಟಿದ್ರೆ ಅವತ್ತೇ ಮುಗೀತಿತ್ತು” ಎಂದೆ. ನನ್ನ ಪಾಲಿನ ತಪ್ಪು ನಾನು ಹೇಳಿಯಾಗಿತ್ತು. ಅದರಿಂದ ಅವನದೇನೂ ಕಡಿಮೆಯಾಗಲಿಲ್ಲ.

“ಈಗ ನೀನು ಹೇಳು” ಎಂದು ಮೈಕನ್ನು ಅವನ ಬಾಯಿಯ ಹತ್ತಿರ ಹಿಡಿದೆ. ಅವನು ಹೆಂಡತಿಯ ಕಡೆ ನೋಡಿದ, ಕಾರ್ಯದರ್ಶಿಯ ಕಡೆ ನೋಡಿದ. “ಅವರಪ್ಪ ಬಿಟ್ಟಿದ್ರು. ನಾನೇ ಇವರ ವಾಯ್ಸ್ ತೆಗೆದಿದ್ದು.” ಅಷ್ಟು ಹೇಳುವವರೆಗೂ ನಾನು ಕೈ ಇಳಿಸಲಿಲ್ಲ.